ಗೋಲ್ಡನ್ ರಿಟ್ರೀವರ್ ಮೈ ಬೋಳಿಸಬೇಡಿ, ಸತ್ತ ಒಳಗೂದಲು ತೆಗೆಯಿರಿ

ನಿಮ್ಮ ಪ್ರಶ್ನೆ ಇಷ್ಟು: ಕಲಬುರಗಿಯ ಮನೆಯಲ್ಲಿ ನಾಲ್ಕು ವರ್ಷದ ಗೋಲ್ಡನ್ ರಿಟ್ರೀವರ್ ಇದೆ, ಎಲ್ಲಿ ನೋಡಿದರೂ ಕೂದಲು, ಬೇಸಿಗೆ ಬೇರೆ ಬಂತು. ಗ್ರೂಮಿಂಗ್ ಅಂಗಡಿಯವರು ‘ಸಮ್ಮರ್ ಕಟ್’ ಮಾಡಿ ಮೈಯೆಲ್ಲ ಬೋಳಿಸಿಬಿಡೋಣ, ಕೂದಲೂ ಉದುರಲ್ಲ, ಸೆಕೆಯೂ ಆಗಲ್ಲ ಅನ್ನುತ್ತಿದ್ದಾರೆ. ಮಾಡಿಸಬಹುದಾ?

ಬೇಡ. ಅವರು ಹೇಳುವ ಮೊದಲ ಲಾಭ ಸಿಗುವುದೇ ಇಲ್ಲ. ಎರಡನೆಯದು ಸಿಕ್ಕರೂ ಅರೆಬರೆ, ಅದಕ್ಕೆ ತೆರುವ ಬೆಲೆ ಜಾಸ್ತಿ. ಉದುರಲು ಸಿದ್ಧವಾಗಿ ಮೈಯಲ್ಲೇ ಸಿಕ್ಕಿಕೊಂಡಿರುವ ಸತ್ತ ಒಳಗೂದಲನ್ನು ಪೂರ್ತಿ ಹೊರತೆಗೆದು, ಬುಡ ಗಟ್ಟಿ ಇರುವ ಕೂದಲನ್ನು ಹಾಗೇ ಬಿಡಬೇಕು. ನಿಮ್ಮ ಎರಡೂ ತೊಂದರೆಗೆ ಇದೇ ದಾರಿ.

ಗೋಲ್ಡನ್ ಮೈಮೇಲೆ ಎರಡು ಪದರ ಕೂದಲಿರುತ್ತದೆ. ಮೇಲೆ ಕಾಣುವುದು ಉದ್ದದ, ನೀರು ಜಾರಿಹೋಗುವ ಹೊರಗೂದಲು. ಅದನ್ನು ಕೈಯಲ್ಲಿ ಬಿಡಿಸಿ ನೋಡಿದರೆ ಬುಡದಲ್ಲಿ ದಟ್ಟವಾಗಿ, ಮೆತ್ತಗೆ, ಬಣ್ಣ ಸ್ವಲ್ಪ ತಿಳಿಯಾಗಿರುವುದು ಒಳಗೂದಲು. ಒಂದೇ ರಂಧ್ರದಿಂದ ಒಂದು ಹೊರಗೂದಲೂ ಅದರ ಸುತ್ತ ಹಲವು ಒಳಗೂದಲೂ ಹೊರಡುತ್ತವೆ. ಫ್ಯಾನ್ ಗಾಳಿಗೆ ಮನೆ ತುಂಬ ತೇಲಾಡುವ ಉಂಡೆಗಳು ಹೆಚ್ಚಾಗಿ ಈ ಒಳಗೂದಲಿನವು.

ಪ್ರತಿ ಕೂದಲೂ ಒಂದಷ್ಟು ದಿನ ಬೆಳೆದು, ನಿಂತು, ವಿರಮಿಸಿ, ಬುಡ ಸಡಿಲಾಗಿ ಬೀಳುತ್ತದೆ. ಬೀಳುವುದು ಬುಡದಿಂದ, ಮಷೀನು ಕತ್ತರಿಸುವುದು ತುದಿಯನ್ನು. ಆದ್ದರಿಂದ ಬೋಳಿಸಿದ ಮೇಲೂ ಅಷ್ಟೇ ಕೂದಲು ಬೀಳುತ್ತದೆ, ಆದರೆ ಮೂರು ಮಿಲಿಮೀಟರ್ ಉದ್ದದ ಚೂರುಗಳಾಗಿ. ಉದ್ದ ಕೂದಲು ಉಂಡೆಗಟ್ಟಿ ಪೊರಕೆಗೆ ಸಿಗುತ್ತದೆ. ಈ ಚೂರುಗಳು ಸೋಫಾ ಬಟ್ಟೆಯೊಳಗೆ, ಸಾಕ್ಸಿನೊಳಗೆ ನೆಟ್ಟು ಕೂರುತ್ತವೆ, ವ್ಯಾಕ್ಯೂಮಿಗೂ ಸುಲಭಕ್ಕೆ ಬರುವುದಿಲ್ಲ. ಬೋಳಿಸಿದ ಮೇಲೆ ಮನೆ ಇನ್ನೂ ಕಷ್ಟವಾಯಿತು ಎಂದು ಜನ ದೂರುವುದು ಇದಕ್ಕೇ.

ವರ್ಷವಿಡೀ ಯಾಕೆ ಉದುರುತ್ತದೆ ಅನ್ನುವುದಕ್ಕೂ ಕಾರಣ ಇದೆ. ಕೂದಲು ಬದಲಿಸುವ ಗಡಿಯಾರ ಮುಖ್ಯವಾಗಿ ಹಗಲಿನ ಉದ್ದವನ್ನು ಅನುಸರಿಸಿ ನಡೆಯುತ್ತದೆ. ಈ ತಳಿ ಬಂದ ಸ್ಕಾಟ್ಲೆಂಡಿನಲ್ಲಿ ಬೇಸಿಗೆಯ ಹಗಲು ಚಳಿಗಾಲದ ಹಗಲಿನ ಎರಡು ಪಟ್ಟಿಗೂ ಹೆಚ್ಚು, ಹಾಗಾಗಿ ವಸಂತದಲ್ಲೊಮ್ಮೆ, ಚಳಿಗೆ ಮುಂಚೆ ಒಮ್ಮೆ ಒಟ್ಟಾಗಿ ಉದುರಿಸುತ್ತದೆ. ಕಲಬುರಗಿಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಎರಡು ಗಂಟೆ. ಸಾಲದ್ದಕ್ಕೆ ರಾತ್ರಿ ಹನ್ನೊಂದರವರೆಗೆ ಮನೆಯಲ್ಲಿ ಲೈಟು. ಗಡಿಯಾರಕ್ಕೆ ಸರಿಯಾದ ಸೂಚನೆ ಸಿಗದೆ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ ಉದುರುತ್ತಲೇ ಇರುತ್ತದೆ. ಇದನ್ನು ನಿಲ್ಲಿಸುವ ಮಾತ್ರೆಯೂ ಇಲ್ಲ, ಶಾಂಪೂವೂ ಇಲ್ಲ. ಎಲ್ಲಿ ಬೀಳಬೇಕು ಅನ್ನುವುದನ್ನು ಮಾತ್ರ ನಾವು ನಿರ್ಧರಿಸಬಹುದು: ನೆಲದ ಮೇಲೋ, ಬ್ರಷ್ಷಿನಲ್ಲೋ.

ಇನ್ನು ಸೆಕೆಯ ವಿಷಯ. ನಾಯಿ ಮೈಯಿಂದ ಬೆವರಿ ತಣ್ಣಗಾಗುವ ಪ್ರಾಣಿಯಲ್ಲ. ಬೆವರುವುದು ಪಾದದ ಅಡಿಯಲ್ಲಿ, ಅದೂ ಸ್ವಲ್ಪವೇ. ಮುಖ್ಯ ಕೆಲಸ ನಾಲಿಗೆ ಚಾಚಿ ತೇಕುವುದರಿಂದಲೇ ಆಗಬೇಕು. ನಮಗೆ ತಲೆಗೂದಲು ತೆಗೆಸಿದರೆ ಹಾಯೆನಿಸುವುದು ಬೆವರು ಆರುವುದರಿಂದ, ಆ ಲೆಕ್ಕ ನಾಯಿಗೆ ಹೊಂದುವುದಿಲ್ಲ. ‘ಕೂದಲೇ ನಾಯಿಗೆ ಎಸಿ, ತೆಗೆದರೆ ಸತ್ತೇ ಹೋಗುತ್ತದೆ’ ಎಂದು ಇನ್ನೊಂದು ಕಡೆಯವರು ಹೇಳುವುದೂ ಅತಿಯೇ. ದಪ್ಪ ಕೋಟು ಮೈಯ ಶಾಖವನ್ನು ಹಿಡಿದಿಡುತ್ತದೆ, ನೆರಳಲ್ಲಿ ಮಲಗಿದ ಬೋಳು ನಾಯಿಗೆ ಕೊಂಚ ಆರಾಮ ಅನಿಸಲೂಬಹುದು. ಆದರೆ ಬಿಸಿಲಿಗೆ ಹೋದ ಕ್ಷಣ ಲೆಕ್ಕ ತಿರುಗುತ್ತದೆ. ಹೊರಗೂದಲು ಬಿಸಿಲನ್ನು ತಡೆಯುತ್ತದೆ, ಅದರ ಅಡಿಯ ಚರ್ಮ ನಮ್ಮದಕ್ಕಿಂತ ತೆಳು. ಬೋಳು ಬೆನ್ನು ಕೆಂಪಗೆ ಸುಡುತ್ತದೆ, ಸೊಳ್ಳೆ ಕಡಿಯುತ್ತದೆ, ಮುಳ್ಳು ಗೀರುತ್ತದೆ. ಮತ್ತೆ ಬೆಳೆಯುವಾಗ ಒಳಗೂದಲು ಬೇಗ ಬಂದು ಹೊರಗೂದಲು ಹಿಂದೆ ಬೀಳುತ್ತದೆ, ಮೈ ಮಂಕಾಗಿ ತೇಪೆ ಹಾಕಿದ ಹಾಗೆ ಕಾಣುತ್ತದೆ, ಗಂಟು ಕಟ್ಟುವುದು ಹೆಚ್ಚುತ್ತದೆ.

ಗೋಲ್ಡನ್‌ಗೆ ಸಾಮಾನ್ಯವಾಗಿ ಕೂದಲು ವಾಪಸ್ ಬರುತ್ತದೆ. ಪೊಮೆರೇನಿಯನ್, ಹಸ್ಕಿ, ಚೌ ಚೌ, ಸಮೋಯ್ಡ್ ಸಾಕಿದವರು ಇನ್ನೂ ಎಚ್ಚರವಾಗಿರಬೇಕು. ಅವುಗಳ ಬಹುಪಾಲು ಕೂದಲು ಬಹಳ ಕಾಲ ವಿರಮಿಸುವ ಹಂತದಲ್ಲೇ ಇರುತ್ತದೆ. ಬೋಳಿಸಿದ ಜಾಗ ಆರು ತಿಂಗಳು, ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೋಳಾಗಿಯೇ ಉಳಿದುಬಿಡಬಹುದು. ಶಿಹ್ ಟ್ಜು, ಲಾಸಾ ಆಪ್ಸೋ, ಮಾಲ್ಟೀಸ್, ಪೂಡಲ್‌ಗಳ ವಿಷಯ ಬೇರೆ. ಅವುಗಳ ಕೂದಲು ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ಕತ್ತರಿಸದಿದ್ದರೇ ತೊಂದರೆ. ಅವಕ್ಕೂ ಒಂದೆರಡು ಸೆಂಟಿಮೀಟರ್ ಉಳಿಸಿ ಕತ್ತರಿಸಿದರೆ ಸಾಕು.

ಈಗ ಮುಖ್ಯ ಕೆಲಸಕ್ಕೆ ಬರೋಣ. ಮೂರು ಸಾಧನ ಬೇಕು: ಒಳಗೂದಲು ಎಳೆಯುವ ಅಂಡರ್‌ಕೋಟ್ ರೇಕ್, ಸಣ್ಣ ಬಾಗಿದ ತಂತಿಗಳ ಸ್ಲಿಕ್ಕರ್ ಬ್ರಷ್, ಅರ್ಧ ವಿರಳ ಅರ್ಧ ಒತ್ತು ಹಲ್ಲಿನ ಸ್ಟೀಲ್ ಬಾಚಣಿಗೆ. ಬ್ಲೇಡ್ ಇರುವ ಡಿ-ಶೆಡ್ಡಿಂಗ್ ಸಾಧನದ ಜಾಹೀರಾತು ಎಲ್ಲೆಲ್ಲೂ ಕಾಣುತ್ತದೆ. ಅದು ಕೆಲಸ ಮಾಡುವುದು ನಿಜ, ಆದರೆ ಗೋಲ್ಡನ್ ಮೇಲೆ ಅದೇ ಜಾಗಕ್ಕೆ ಹತ್ತಾರು ಸಲ ಎಳೆದರೆ ಒಳ್ಳೆಯ ಹೊರಗೂದಲನ್ನೂ ಕತ್ತರಿಸಿ ಹಾಕುತ್ತದೆ. ನನ್ನ ಮಾತು ಕೇಳುವುದಾದರೆ ರೇಕ್ ಕೊಳ್ಳಿ. ಲ್ಯಾಬ್ರಡಾರ್‌ನಂಥ ಗಿಡ್ಡಗೂದಲಿಗೆ ರಬ್ಬರ್ ಹಲ್ಲಿನ ಬ್ರಷ್ ಚೆನ್ನ.

ಜನ ತಪ್ಪುವುದು ಬೆನ್ನ ಮೇಲೆ ಬ್ರಷ್ ಸವರುವುದರಲ್ಲಿ. ಮೇಲ್ಮೈ ಹೊಳೆಯುತ್ತದೆ, ಅಡಿಯಲ್ಲಿ ಸತ್ತ ಕೂದಲು ಹಾಗೇ ಒತ್ತಿಕೊಂಡಿರುತ್ತದೆ. ಸರಿಯಾದ ಕ್ರಮ ಗೆರೆ ಬಿಡಿಸಿ ಬಾಚುವುದು. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಹಿಂಗಾಲಿನ ಕೆಳಗಿನಿಂದ ಶುರುಮಾಡಿ. ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿಯಿರಿ, ಚರ್ಮ ಬೈತಲೆಯ ಹಾಗೆ ಗೆರೆಯಾಗಿ ಕಾಣಬೇಕು. ಆ ಗೆರೆಯ ಕೆಳಗಿನ ಕೂದಲನ್ನಷ್ಟೇ ಬುಡದಿಂದ ತುದಿಗೆ, ಕೂದಲು ಮಲಗುವ ದಿಕ್ಕಿನಲ್ಲೇ ರೇಕ್‌ನಿಂದ ಎಳೆಯಿರಿ. ಹಗುರ ಕೈ, ಗಿಡ್ಡ ಎಳೆತ. ಹಲ್ಲಿನಲ್ಲಿ ಏನೂ ಬರದಾದಾಗ ಅರ್ಧ ಇಂಚು ಮೇಲೆ ಹೊಸ ಗೆರೆ. ಹೀಗೆ ತೊಡೆಯಿಂದ ಸೊಂಟಕ್ಕೆ, ಪಕ್ಕೆಗೆ, ಭುಜಕ್ಕೆ, ಕುತ್ತಿಗೆಗೆ ಬನ್ನಿ. ಆಮೇಲೆ ಸ್ಲಿಕ್ಕರ್. ಅದನ್ನು ಒತ್ತಿ ಉಜ್ಜಿದರೆ ಚರ್ಮ ಗೀರಿ ಕೆಂಪಾಗುತ್ತದೆ, ನಿಮ್ಮ ಮುಂಗೈ ಒಳಭಾಗಕ್ಕೆ ಒಮ್ಮೆ ಸವರಿಕೊಂಡು ಒತ್ತಡ ನೋಡಿ. ಕೊನೆಗೆ ಬಾಚಣಿಗೆ ಪರೀಕ್ಷೆ: ಚರ್ಮ ಮುಟ್ಟಿಸಿ ಎಳೆದಾಗ ಎಲ್ಲೂ ತಡೆಯದೆ ಹೊರಬರಬೇಕು. ತಡೆದ ಜಾಗದಲ್ಲಿ ಕೆಲಸ ಬಾಕಿ ಇದೆ ಎಂದರ್ಥ.

ಕಿವಿಯ ಹಿಂದೆ, ಮುಂಗಾಲಿನ ಕಂಕುಳು, ತೊಡೆ ಸಂದು, ಹಿಂತೊಡೆಯ ಜೊಂಪೆ, ಪಟ್ಟಿ ಕಟ್ಟುವ ಕುತ್ತಿಗೆ, ಗಂಟು ಬೀಳುವುದು ಈ ಐದು ಕಡೆ. ಗಂಟಿಗೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ, ಬುಡವನ್ನು ಬೆರಳಲ್ಲಿ ಹಿಡಿದು, ತುದಿಯಿಂದ ಬಿಡಿಸುತ್ತ ಬನ್ನಿ. ಬರದಿದ್ದರೆ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲ್ಗಡೆ ಕತ್ತರಿ ಆಡಿಸಿ. ಬಾಚಣಿಗೆ ಇಲ್ಲದೆ ಕತ್ತರಿ ಹಾಕಲೇಬೇಡಿ. ಗಂಟು ಚರ್ಮವನ್ನು ಮೇಲಕ್ಕೆ ಎಳೆದುಕೊಂಡಿರುತ್ತದೆ, ಕೂದಲೆಂದುಕೊಂಡು ಚರ್ಮವನ್ನೇ ಕತ್ತರಿಸಿದ ನಾಯಿಗಳು ಹೊಲಿಗೆಗೆ ಬರುತ್ತಲೇ ಇರುತ್ತವೆ.

ವಾರಕ್ಕೆ ಮೂರು ಸಲ ಹದಿನೈದು ನಿಮಿಷ ಸಾಕು. ಜೋರಾಗಿ ಉದುರುವ ಎರಡು ಮೂರು ವಾರ ಮಾತ್ರ ದಿನಾ ಮಾಡಿ. ಬಾಲ್ಕನಿಯಲ್ಲೋ ಅಂಗಳದಲ್ಲೋ ಕೂತರೆ ಕೂದಲು ಒಳಗೆ ಬರುವುದಿಲ್ಲ.

ಸ್ನಾನ ನಾಲ್ಕರಿಂದ ಆರು ವಾರಕ್ಕೊಮ್ಮೆ. ಬಾಚದೆ ನೀರು ಹಾಕಬೇಡಿ, ಒದ್ದೆಯಾದ ಗಂಟು ಬಿಗಿದು ಬಿಡಿಸಲಾಗದಂತಾಗುತ್ತದೆ. ಉಗುರುಬೆಚ್ಚಗಿನ ನೀರು ಚರ್ಮದವರೆಗೂ ಇಳಿಯಲು ಕೆಲವು ನಿಮಿಷ ಬೇಕು, ಬೆರಳಲ್ಲಿ ಬಿಡಿಸುತ್ತ ಹಾಕಿ. ನಾಯಿ ಶಾಂಪೂವನ್ನು ಬಾಟಲಿ ಮೇಲಿನ ಅಳತೆಯಂತೆ ಮಗ್ಗಿನಲ್ಲಿ ಕಲಸಿ ಹಚ್ಚಿದರೆ ಒಳಕ್ಕೆ ಹೋಗುತ್ತದೆ, ತೊಳೆದರೆ ಪೂರ್ತಿ ಬರುತ್ತದೆ. ನಮ್ಮ ಶಾಂಪೂ, ಮಕ್ಕಳ ಶಾಂಪೂ ಎರಡೂ ಮನುಷ್ಯರ ಆಮ್ಲೀಯ ಚರ್ಮಕ್ಕೆ ಮಾಡಿದವು. ನಾಯಿಯ ಚರ್ಮ ತಟಸ್ಥಕ್ಕೆ ಹತ್ತಿರ, ಅದಕ್ಕೆ ಒಣಗಿ ತುರಿಸಬಹುದು. ನೊರೆ ಹೋದ ಮೇಲೂ ಇನ್ನೆರಡು ಸಲ ತೊಳೆಯಿರಿ, ಉಳಿದ ಶಾಂಪೂ ನವೆಗೆ ದೊಡ್ಡ ಕಾರಣ.

ಒಣಗಿಸುವುದು ಸ್ನಾನಕ್ಕಿಂತ ಮುಖ್ಯ. ಟವೆಲ್‌ನಿಂದ ಉಜ್ಜದೆ ಒತ್ತಿ ನೀರು ಹೀರಿಸಿ, ನಂತರ ಗಾಳಿಯ ರಭಸದಿಂದ ನೀರು ತಳ್ಳುವ ಬ್ಲೋವರ್ ಇದ್ದರೆ ಒಳ್ಳೆಯದು, ಸಡಿಲವಾದ ಒಳಗೂದಲೆಲ್ಲ ಆಗಲೇ ಹಾರಿಹೋಗುತ್ತದೆ. ಗ್ರೂಮಿಂಗ್ ಅಂಗಡಿಗೆ ದುಡ್ಡು ಕೊಡುವುದಾದರೆ ಈ ಕೆಲಸಕ್ಕೆ ಕೊಡಿ. ಮನೆಯ ಹೇರ್ ಡ್ರೈಯರ್ ತಣ್ಣನೆಯ ಸೆಟ್ಟಿಂಗಿನಲ್ಲಿ ಮಾತ್ರ. ಮೇಲೆ ಒಣಗಿ ಒಳಗೆ ಒದ್ದೆ ಉಳಿದರೆ ಒಂದೇ ರಾತ್ರಿಯಲ್ಲಿ ಕೆನ್ನೆ, ತೊಡೆಯ ಮೇಲೆ ಅಂಗೈಯಗಲ ಹಸಿ ಹುಣ್ಣು ಏಳಬಹುದು, ಗೋಲ್ಡನ್‌ಗಳಿಗೆ ಇದು ಬಹಳ ಸಾಮಾನ್ಯ. ಮಳೆಗಾಲದಲ್ಲಿ ವಾಕಿಂಗ್ ಮುಗಿಸಿ ಬಂದ ಮೇಲೂ ಇದೇ ಎಚ್ಚರ.

ಊಟವನ್ನೂ ನೋಡಿ. ಕೂದಲು ಬಹುಪಾಲು ಪ್ರೋಟೀನ್. ಜೋಳದ ರೊಟ್ಟಿ ಹಾಲು, ಮೊಸರನ್ನದಲ್ಲೇ ಬೆಳೆದ ನಾಯಿಯ ಕೂದಲು ಒರಟಾಗಿ, ಮುರಿದು, ಹೆಚ್ಚು ಉದುರುತ್ತದೆ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಸೇರಲಿ, ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಮೀನೆಣ್ಣೆ ಉಪಯೋಗಕ್ಕೆ ಬರುತ್ತದೆ, ಆದರೆ 1000 ಮಿಲಿಗ್ರಾಂ ಎಂದು ಬರೆದ ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಕೆಲಸಕ್ಕೆ ಬರುವ ಒಮೆಗಾ-3 ಕೊಬ್ಬುಗಳಾದ ಇಪಿಎ 180, ಡಿಎಚ್ಎ 120, ಒಟ್ಟು 300 ಮಿಲಿಗ್ರಾಂ ಅಷ್ಟೇ. ವೈದ್ಯರ ಹತ್ತಿರ ಡೋಸ್ ಕೇಳುವಾಗ ಈ ಮೊತ್ತ ಹೇಳಿ. ಫಲ ಕಾಣಲು ಆರೆಂಟು ವಾರ ಬೇಕು, ಭೇದಿಯಾದರೆ ಕಡಿಮೆ ಮಾಡಿ. ಕಾಡ್ ಲಿವರ್ ಎಣ್ಣೆಯನ್ನು ಇದರ ಬದಲಿಗೆ ಕೊಡಬೇಡಿ, ಅದರಲ್ಲಿ ಎ ಮತ್ತು ಡಿ ವಿಟಮಿನ್ ಇರುತ್ತದೆ, ಹೆಚ್ಚಾದರೆ ವಿಷ. ಮೈಗೆ ಕೊಬ್ಬರಿ ಎಣ್ಣೆ ಹಚ್ಚುವುದರಿಂದ ಉದುರುವುದು ನಿಲ್ಲುವುದಿಲ್ಲ, ಧೂಳು ಅಂಟುತ್ತದೆ.

ಎಲ್ಲ ಕಡೆ ಸಮವಾಗಿ ಉದುರಿ ಚರ್ಮ ಕಾಣದಿದ್ದರೆ ಅದು ಸಹಜ. ಬೋಳು ತೇಪೆ, ದುಂಡಗಿನ ಹೊಟ್ಟು ಕಲೆ, ಬಿಡದ ತುರಿಕೆ, ಜಿಡ್ಡು ವಾಸನೆ ಇದ್ದರೆ ಕಜ್ಜಿ, ಶಿಲೀಂಧ್ರ, ಚಿಗಟದ ಅಲರ್ಜಿ ಏನೂ ಆಗಿರಬಹುದು, ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿಸಬೇಕು. ತುರಿಕೆಯೇ ಇಲ್ಲದೆ ಎರಡೂ ಪಕ್ಕೆಯಲ್ಲಿ ಒಂದೇ ಥರ ಕೂದಲು ತೆಳುವಾಗಿ, ಬಾಲ ಬೋಳಾಗಿ, ತಿನ್ನದಿದ್ದರೂ ದಪ್ಪಗಾಗಿ, ಸದಾ ಮಲಗಿರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಕೇಳಿ. ಗೋಲ್ಡನ್‌ಗಳಲ್ಲಿ ನಡುವಯಸ್ಸಿನ ಹೊತ್ತಿಗೆ ಇದು ಕಾಣಿಸಿಕೊಳ್ಳುತ್ತದೆ. ಹೆಣ್ಣಾಗಿದ್ದರೆ ಮರಿ ಹಾಕಿದ ಕೆಲವು ವಾರಕ್ಕೆ ರಾಶಿ ಉದುರಿಸುವುದು ಸಹಜವೇ.

ಬಿಸಿಲಿಗೆ ಮಾಡಬೇಕಾದ್ದು ಹೀಗೆ. ವಾಕಿಂಗ್ ಬೆಳಿಗ್ಗೆ ಏಳರೊಳಗೆ, ಸಂಜೆ ನೆಲ ಆರಿದ ಮೇಲೆ. ಅಂಗೈ ಹಿಂಭಾಗವನ್ನು ರಸ್ತೆಗೆ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿ ಪಾದಕ್ಕೂ ಅದು ಬಿಸಿಯೇ. ನಿಮ್ಮೂರಿನ ಒಣ ಹವೆಗೆ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನ ತೇವದಲ್ಲಿ ಅದು ದಂಡ, ಅಲ್ಲಿ ಫ್ಯಾನ್, ಎಸಿಯೇ ಗತಿ. ಒದ್ದೆ ಮಾಡುವುದಾದರೆ ಹೊಟ್ಟೆ, ತೊಡೆ ಸಂದು, ಪಾದ ಒದ್ದೆ ಮಾಡಿ. ಬೆನ್ನ ಮೇಲೆ ಚಿಮುಕಿಸಿದ ನೀರು ಹೊರಗೂದಲಿನಿಂದ ಜಾರಿಹೋಗುತ್ತದೆ. ಒದ್ದೆ ಬಟ್ಟೆಯನ್ನು ಮೈಮೇಲೆ ಹೊದಿಸಿ ಬಿಡಬೇಡಿ, ಅಡಿಗೆ ಹಾಸಿ. ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಒಸಡು ಕಡುಗೆಂಪು, ಜೊಲ್ಲು ಗಟ್ಟಿ, ನಡಿಗೆ ತೂರಾಟ ಕಂಡರೆ 41 ದಾಟಿರಬಹುದು. ಆಗ ಮೊದಲು ಮೈಗೆಲ್ಲ ನೀರು ಸುರಿದು ಫ್ಯಾನ್ ಹಾಕಿ, ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಿರಿ.

ಅಂಗಡಿಯವರಿಗೆ ಹೇಳಬೇಕಾದ್ದು ಸ್ಪಷ್ಟವಾಗಿರಲಿ: ಸ್ನಾನ, ಬ್ಲೋವರ್‌ನಿಂದ ಒಳಗೂದಲು ತೆಗೆಯುವುದು, ಪಾದದ ಅಡಿಯ ಕೂದಲು, ಗುದದ ಸುತ್ತಲಿನದು, ಹೊಟ್ಟೆಯ ಅಡಿಭಾಗ ಮಾತ್ರ ಮಷೀನಿನಲ್ಲಿ, ಬಾಲ ಮತ್ತು ತೊಡೆಯ ಜೊಂಪೆ ಕತ್ತರಿಯಲ್ಲಿ ಒಂದೆರಡು ಇಂಚು ಗಿಡ್ಡ. ಬೆನ್ನಿಗೆ ಮಷೀನು ಬೇಡ. 10ನೇ ನಂಬರ್ ಬ್ಲೇಡ್ ಉಳಿಸುವುದು ಒಂದೂವರೆ ಮಿಲಿಮೀಟರ್. ಯಾವುದೇ ಬ್ಲೇಡ್ ಕೆಲವು ನಿಮಿಷಕ್ಕೆ ಕಾದು ಚರ್ಮ ಸುಡಬಲ್ಲದು, ಆಗಾಗ ಮುಟ್ಟಿ ನೋಡುತ್ತಾರೋ ಇಲ್ಲವೋ ಗಮನಿಸಿ. ಮೈಯೆಲ್ಲ ಗಂಟುಗಟ್ಟಿ ಕಂಬಳಿಯಾಗಿದ್ದರೆ, ಗಾಯದಲ್ಲಿ ಹುಳು ಬಿದ್ದಿದ್ದರೆ, ಆಪರೇಷನ್ ಅಥವಾ ಸ್ಕ್ಯಾನಿಂಗ್ ಇದ್ದರೆ ಆ ಜಾಗ ಬೋಳಿಸಲೇಬೇಕು, ಅದಕ್ಕೆ ಹಿಂಜರಿಯಬೇಡಿ.

ಇದನ್ನು ಓದುವ ಹೊತ್ತಿಗೆ ಬೋಳಿಸಿಯಾಗಿದ್ದರೆ ಮಧ್ಯಾಹ್ನದ ಬಿಸಿಲು ತಪ್ಪಿಸಿ, ಹೊರಗೆ ಹೋಗುವಾಗ ತೆಳು ಹತ್ತಿ ಬಟ್ಟೆ ತೊಡಿಸಿ, ಸತುವಿನ ಆಕ್ಸೈಡ್ ಇರುವ ಮನುಷ್ಯರ ಸನ್‌ಸ್ಕ್ರೀನ್ ಹಚ್ಚಬೇಡಿ, ನೆಕ್ಕಿದರೆ ಅಪಾಯ. ಬೆಳೆಯುತ್ತಿರುವ ಕೂದಲನ್ನು ವಾರಕ್ಕೆರಡು ಸಲ ರೇಕ್‌ನಿಂದ ಹಗುರವಾಗಿ ಬಾಚಿ, ಅದನ್ನು ‘ಸಮ ಮಾಡಲು’ ಮತ್ತೆ ಮಷೀನು ಹಾಕಿಸಬೇಡಿ. ಆರು ತಿಂಗಳಾದರೂ ಬರದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.