ಆ್ಯಪ್ ಮಾಡಿಸುವ ಮೊದಲು ತೂಕದ ಕೊಠಡಿಯಲ್ಲಿ ಒಂದು ದಿನ ನಿಲ್ಲಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ: ನಮ್ಮದು ದೊಡ್ಡ ಸಂಸ್ಥೆ, ನಮಗೊಂದು ಆ್ಯಪ್ ಬೇಕು, ಎಷ್ಟಾಗುತ್ತದೆ? ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂಬುದು ಪತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ಹಾಸನದಲ್ಲಿ ಕುಳಿತು ಇಂತಹ ಸಂಸ್ಥೆಗಳಿಗೆ ಸಲಹೆ ನೀಡುವುದೇ ನನ್ನ ಕಸುಬಾದ್ದರಿಂದ ಉತ್ತರಿಸದೆ ಇರುವಂತಿಲ್ಲ. ಆದರೆ ಇದೇ ಉತ್ತರವನ್ನು ನಾಲ್ಕನೆಯ ಸಲ ಬರೆಯುವಾಗ ದನಿ ಸ್ವಲ್ಪ ಗಡುಸಾದರೆ ಓದುಗರು ಮನ್ನಿಸಬೇಕು. ಈ ಬಾರಿ ಒಂದು ಪತ್ರಕ್ಕೆ ಹೆಚ್ಚಿನ ಜಾಗ ಕೊಡುತ್ತಿದ್ದೇನೆ, ಏಕೆಂದರೆ ಅದನ್ನು ಬರೆದವರು ತಮ್ಮ ವ್ಯವಹಾರ ಏನೆಂಬುದನ್ನಾದರೂ ತಿಳಿಸಿದ್ದಾರೆ.

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ, ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮತ್ತು ಗೊಬ್ಬರ-ಔಷಧಿ ಮಾರಾಟ ನಡೆಸುವ ಸಂಸ್ಥೆ. ಮೂಡಿಗೆರೆ, ಕೊಪ್ಪ, ಬೇಲೂರು, ಸಕಲೇಶಪುರ ಸೇರಿ 30ಕ್ಕೂ ಹೆಚ್ಚು ಖರೀದಿ ಕೇಂದ್ರಗಳಿವೆ. ಸುಮಾರು 9,000 ಬೆಳೆಗಾರರ ಖಾತೆಗಳಿವೆ. ಎಲ್ಲವೂ ಒಂದೇ ಆ್ಯಪ್‌ನಲ್ಲಿರಬೇಕು, ಈ ಕೊಯ್ಲಿಗೇ ಬರಬೇಕು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಒಬ್ಬರು 4 ಲಕ್ಷ ಎನ್ನುತ್ತಾರೆ, ಇನ್ನೊಬ್ಬರು 60 ಲಕ್ಷ ಎನ್ನುತ್ತಾರೆ. ಯಾರನ್ನು ನಂಬುವುದು?

ಉತ್ತರ: ಇಬ್ಬರನ್ನೂ ನಂಬಬೇಡಿ. 4 ಲಕ್ಷದವರ ಬಳಿ ಯಾವುದೋ ಅಂಗಡಿಗೆ ಮಾಡಿದ ಆ್ಯಪ್ ಸಿದ್ಧವಿರುತ್ತದೆ, ಬಣ್ಣ ಬದಲಿಸಿ ನಿಮ್ಮ ಹೆಸರು ಹಾಕಿಕೊಡುತ್ತಾರೆ. 60 ಲಕ್ಷದವರು ‘ಎಲ್ಲವೂ’ ಎಂಬ ಮಾತನ್ನು ಇಪ್ಪತ್ತು ಭಾಗ ಮಾಡಿ ಒಂದೊಂದಕ್ಕೂ ಬೆಲೆ ಕಟ್ಟಿರುತ್ತಾರೆ. ಜನವರಿಯಲ್ಲಿ ನಿಮ್ಮ ಖರೀದಿ ಕೇಂದ್ರದಲ್ಲಿ ಒಂದು ತೂಕದ ಚೀಟಿ ಹೇಗೆ ಹುಟ್ಟುತ್ತದೆ ಎಂದು ಇಬ್ಬರೂ ಕೇಳಿಲ್ಲ. ನೀವೂ ಹೇಳಿಲ್ಲ.

ಕೆಲವು ವರ್ಷಗಳ ಹಿಂದೆ ಮೂಡಿಗೆರೆ ಕಡೆಯ ಒಂದು ಖರೀದಿ ಕೇಂದ್ರದಲ್ಲಿ ನಾನು ಬೆಳಗಿನಿಂದ ಕತ್ತಲಾಗುವವರೆಗೆ ನಿಂತಿದ್ದೆ. ಪಿಕಪ್‌ನಿಂದ ರೋಬಸ್ಟಾ ಕಾಫಿಯ ಚೆರ್ರಿ, ಅಂದರೆ ಒಣಗಿಸಿದ ಹಣ್ಣಿನ, ಮೂಟೆಗಳು ಇಳಿಯುತ್ತಿದ್ದವು. ಗುಮಾಸ್ತರು ಮಾದರಿ ತೆಗೆದು ತೇವಾಂಶ ನೋಡಿ, ತಕ್ಕಡಿಯ ಅಂಕಿ ಓದಿ, ಕಾರ್ಬನ್ ಇಟ್ಟು ಚೀಟಿ ಬರೆದು, ತೋಟದ ರೈಟರ (ಲೆಕ್ಕ ಬರೆಯುವವರ) ಸಹಿ ಹಾಕಿಸಿ ಕೊಡುವುದಕ್ಕೆ ಎರಡು ನಿಮಿಷವೂ ಹಿಡಿಯುತ್ತಿರಲಿಲ್ಲ. ಕೈತುಂಬ ಧೂಳು, ಹೊರಗೆ ಇನ್ನೂ ಮೂರು ಗಾಡಿ. ಪ್ರಧಾನ ಕಚೇರಿಗೆ ದಿನದ ಲೆಕ್ಕ ಹೇಳಬೇಕಾದಾಗ ಮಾತ್ರ ಅವರು ಜೇಬಿನಿಂದ ಫೋನು ತೆಗೆದು, ಅಂಗಳ ದಾಟಿ, ಗೇಟಿನ ಪಕ್ಕದ ಹಲಸಿನ ಮರದ ಬುಡಕ್ಕೆ ಹೋಗುತ್ತಿದ್ದರು. ತಗಡಿನ ಮಾಡಿನ ಕೆಳಗೆ ಸಿಗ್ನಲ್ ಇರಲಿಲ್ಲ. ಮಾರಾಟಕ್ಕೆ ಬಂದಿದ್ದ ಆ್ಯಪ್‌ನವರು ತಮ್ಮ ಆ್ಯಪ್ ತೋರಿಸಿದ್ದು ಪ್ರಧಾನ ಕಚೇರಿಯ ಹವಾನಿಯಂತ್ರಿತ ಕೊಠಡಿಯಲ್ಲಿ, ವೈಫೈ ಮೇಲೆ, ಯಜಮಾನರ ಐಫೋನಿನಲ್ಲಿ.

ನಿಮ್ಮ ಯೋಜನೆ ಆ ಹಲಸಿನ ಮರದಿಂದ ಆರಂಭವಾಗಬೇಕು. ಮೊದಲ ಆ್ಯಪ್ ಬೆಳೆಗಾರರಿಗಲ್ಲ, ಯಜಮಾನರಿಗಂತೂ ಅಲ್ಲ, ಆ ಗುಮಾಸ್ತರಿಗೆ. ಅದು ಆಂಡ್ರಾಯ್ಡ್‌ನಲ್ಲಿದ್ದರೆ ಸಾಕು, ಕಡಿಮೆ ಬೆಲೆಯ ಹಳೆಯ ಫೋನಿನಲ್ಲಿ ಓಡಬೇಕು, ಚೀಟಿಗೆ ಬೇಕಾದ್ದನ್ನು ಬಿಟ್ಟು ಇನ್ನೇನನ್ನೂ ಕೇಳಬಾರದು, ಮತ್ತು ಸಿಗ್ನಲ್ ಇಲ್ಲದೆ ಇಡೀ ದಿನ ಕೆಲಸ ಮಾಡುವಂತಿರಬೇಕು. ಸಿಬ್ಬಂದಿಯ ಆ್ಯಪ್ ಊರಿಗೆಲ್ಲ ಕಾಣುವಂತೆ ಪ್ಲೇ ಸ್ಟೋರ್‌ನಲ್ಲಿರುವ ಅಗತ್ಯವೂ ಇಲ್ಲ. ಸಂಸ್ಥೆಯೊಳಗಿನವರಿಗೆ ಮಾತ್ರ ಹಂಚುವ ವ್ಯವಸ್ಥೆಯನ್ನು ಗೂಗಲ್ ಕೊಟ್ಟಿದೆ.

‘ಆಫ್‌ಲೈನ್ ಕೆಲಸ ಮಾಡುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ನಂಬುವ ಮೊದಲು ಒಂದು ಪ್ರಶ್ನೆ ಕೇಳಿ. ಸಿಗ್ನಲ್ ಅರೆಬರೆ ಇರುವಾಗ ಚೀಟಿ ಸರ್ವರ್‌ಗೆ ತಲುಪಿರುತ್ತದೆ, ತಲುಪಿತೆಂಬ ಉತ್ತರ ಮಾತ್ರ ಫೋನಿಗೆ ವಾಪಸು ಬಂದಿರುವುದಿಲ್ಲ; ಆಗ ಫೋನು ಅದೇ ಚೀಟಿಯನ್ನು ಮತ್ತೊಮ್ಮೆ ಕಳುಹಿಸಿದರೆ ಏನಾಗುತ್ತದೆ? ಜಾಗ್ರತೆಯಿಲ್ಲದೆ ಬರೆದ ಆ್ಯಪ್‌ನಲ್ಲಿ 22 ಮೂಟೆ 44 ಆಗುತ್ತದೆ, ಹಣವೂ ಎರಡು ಸಲ ಜಮೆಯಾಗುತ್ತದೆ. ಪ್ರತಿ ಚೀಟಿಗೂ ಇನ್ನೆಲ್ಲಿಯೂ ಬಾರದಂತಹ ಒಂದು ಗುರುತಿನ ಸಂಖ್ಯೆ ಫೋನಿನಲ್ಲೇ ಹುಟ್ಟಬೇಕು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಅದನ್ನು ಹೊಸ ಚೀಟಿಯೆಂದು ಬರೆದುಕೊಳ್ಳಬಾರದು. ಫೋನಿನ ಗಡಿಯಾರವನ್ನೂ ನಂಬಬಾರದು, ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು; ಚೀಟಿ ಬರೆದ ಸಮಯ, ಸರ್ವರ್‌ಗೆ ತಲುಪಿದ ಸಮಯ ಎರಡೂ ದಾಖಲಾಗಬೇಕು. ಈ ಪ್ರಶ್ನೆಗೆ ‘ನೋಡಿಕೊಳ್ಳುತ್ತೇವೆ ಸರ್’ ಎಂದವರನ್ನು ಕಾಫಿ ಕೊಟ್ಟು ಕಳುಹಿಸಿಬಿಡಿ.

ಬೆಳೆಗಾರರಿಗೆ ಬೇಕಾಗಿರುವುದು ಮೂರು ಸಂಗತಿ: ಇಂದಿನ ದರ, ತಮ್ಮ ಚೀಟಿಯ ತೂಕ ಮತ್ತು ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ), ಹಣ ಯಾವಾಗ ಖಾತೆಗೆ ಬರುತ್ತದೆ ಎಂಬುದು. ಇವಕ್ಕೆ ಈ ವರ್ಷ ಎಸ್‌ಎಂಎಸ್ ಮತ್ತು ವಾಟ್ಸ್‌ಆ್ಯಪ್ ಸಾಕು. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ನೆನಪಾಗುವ ಆ್ಯಪ್ ಅನ್ನು ಮಳೆಗಾಲದಲ್ಲಿ ಫೋನು ತುಂಬಿದಾಗ ಜನ ಮೊದಲು ಅಳಿಸುತ್ತಾರೆ, ನಾನಾದರೂ ಅಳಿಸುತ್ತೇನೆ. ಕಚೇರಿಯ ಲೆಕ್ಕಪತ್ರಕ್ಕೆ ಬ್ರೌಸರ್‌ನಲ್ಲಿ ತೆರೆಯುವ ಪುಟ ಸಾಕು. ಯಜಮಾನರಿಗೆ ರಾತ್ರಿ 8 ಗಂಟೆಗೆ ದಿನದ ಒಟ್ಟು ಖರೀದಿಯ ಒಂದು ಸಂದೇಶ ಕಳುಹಿಸಿದರೆ ಅವರ ಅರ್ಧ ಆಸೆ ತೀರುತ್ತದೆ.

ಇನ್ನು ನಿಮ್ಮ 9,000 ಖಾತೆಗಳ ವಿಚಾರ. ಅವು 9,000 ಜನರಲ್ಲ ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಇನಿಶಿಯಲ್ ಮುಂದೆ ಬಂದ ಚಂದ್ರೇಗೌಡರು ಒಂದು ಕೇಂದ್ರದಲ್ಲಿ, ಹಿಂದೆ ಬಂದ ಚಂದ್ರೇಗೌಡರು ಇನ್ನೊಂದರಲ್ಲಿ, ಬರೀ ತೋಟದ ಹೆಸರು ಮೂರನೆಯದರಲ್ಲಿ ಇರುತ್ತದೆ, ಮೂವರೂ ಒಬ್ಬರೇ. ಹಳೆಯ ಪಟ್ಟಿಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ (ಇಂದಿನ ಫೋನುಗಳೆಲ್ಲ ಓದುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ ಫೋನಿನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ ಕಣ್ಣಾರೆ ಓದಿ ತಿದ್ದಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಫೋನ್ ಸಂಖ್ಯೆಯದು. ಖಾತೆ ತಂದೆಯ ಹೆಸರಿನಲ್ಲಿರುತ್ತದೆ, ಸಂಖ್ಯೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನದು, ಮೂಟೆಯೊಂದಿಗೆ ಬಂದು ನಿಂತಿರುವವರು ರೈಟರು. ಒಟಿಪಿ ಬೆಂಗಳೂರಿಗೆ ಹೋಗುತ್ತದೆ, ಮಗ ಮೀಟಿಂಗಿನಲ್ಲಿರುತ್ತಾನೆ, ಗಾಡಿ ನಿಂತೇ ಇರುತ್ತದೆ. ಒಂದು ಖಾತೆಗೆ ಮಾಲೀಕರ ಒಪ್ಪಿಗೆಯ ಮೇಲೆ ಎರಡು ಮೂರು ಸಂಖ್ಯೆ ಸೇರಿಸಲು, ಯಾರು ಚೀಟಿ ನೋಡಬಹುದು, ಯಾರು ಬ್ಯಾಂಕ್ ವಿವರ ಬದಲಿಸಬಹುದು ಎಂದು ಬೇರೆ ಬೇರೆ ಅಧಿಕಾರ ಕೊಡಲು ಅವಕಾಶವಿರಬೇಕು. ಈ ಶುದ್ಧೀಕರಣಕ್ಕೆ ಆ್ಯಪ್ ಬರೆಯುವುದಕ್ಕಿಂತ ಹೆಚ್ಚು ತಿಂಗಳು ಹಿಡಿಯುತ್ತದೆ, ಇದನ್ನು ಹೊರಗಿನವರು ಮಾಡಿಕೊಡಲಾರರು.

ಒಡೆತನದ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಆ್ಯಪ್‌ನ ಸೈನಿಂಗ್ ಕೀಯನ್ನು (ಹೊಸ ಆವೃತ್ತಿ ಅಸಲಿ ಎಂದು ತೋರಿಸುವ ಡಿಜಿಟಲ್ ಮುದ್ರೆ) ಗೂಗಲ್ ತನ್ನಲ್ಲೇ ಇಟ್ಟುಕೊಳ್ಳುವ ಸೌಲಭ್ಯ ಬರುವುದಕ್ಕೆ ಮೊದಲಿನ ಮಾತು. ನಾನು ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಒಂದು ಆ್ಯಪ್‌ನ ಕೀ ಒಬ್ಬ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇತ್ತು; ಅವನು ಕೆಲಸ ಬಿಟ್ಟ, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯಿತು. ಆ ಕೀ ಇಲ್ಲದೆ ಹಳೆಯ ಆ್ಯಪ್‌ಗೆ ಒಂದು ಅಕ್ಷರದ ಬದಲಾವಣೆಯನ್ನೂ ಕಳುಹಿಸುವಂತಿರಲಿಲ್ಲ. ಹೊಸ ಹೆಸರಿನಲ್ಲಿ ಬೇರೆ ಆ್ಯಪ್ ಹಾಕಿ, ಬಳಕೆದಾರರೆಲ್ಲರಿಗೂ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿಕೊಳ್ಳಿ ಎಂದು ಬೇಡಿಕೊಂಡೆವು, ಅನೇಕರು ಮರಳಿ ಬರಲೇ ಇಲ್ಲ. ಅಂದಿನಿಂದ ಈ ವಿಷಯದಲ್ಲಿ ನಾನು ಅತಿಯಾಗಿ ಶಂಕಿಸುವವನು. ಪ್ಲೇ ಸ್ಟೋರ್ ಖಾತೆ, ಆ್ಯಪಲ್ ಖಾತೆ, ಡೊಮೇನ್, ಸರ್ವರ್, ಮೂಲ ಕೋಡ್, ಸಂಸ್ಥೆಗಳು ಎಸ್‌ಎಂಎಸ್ ಕಳುಹಿಸಲು ಟೆಲಿಕಾಂ ಕಂಪನಿಗಳಲ್ಲಿ ಮಾಡಿಸಬೇಕಾದ ಡಿಎಲ್‌ಟಿ ನೋಂದಣಿ, ಇವಿಷ್ಟೂ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇಮೇಲ್ ವಿಳಾಸದಲ್ಲಿ ಇರಬೇಕು. ಮಾಡಿಕೊಡುವವರಿಗೆ ಒಳಬರುವ ಅನುಮತಿ ಮಾತ್ರ ಕೊಡಬೇಕು. ಗೂಗಲ್‌ಗೆ ಕಟ್ಟುವುದು ಒಂದೇ ಸಲ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಇಷ್ಟು ಉಳಿಸಲು ಇನ್ನೊಬ್ಬರ ಖಾತೆಯಲ್ಲಿ ಆ್ಯಪ್ ಇಟ್ಟವರು ಜಗಳವಾದ ದಿನ ನನಗೆ ಫೋನು ಮಾಡುತ್ತಾರೆ. ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆಯಲು ಡನ್ಸ್ (D-U-N-S) ಎಂಬ, ಸಂಸ್ಥೆಗಳನ್ನು ಗುರುತಿಸುವ ಸಂಖ್ಯೆಯನ್ನು ಗೂಗಲ್, ಆ್ಯಪಲ್ ಇಬ್ಬರೂ ಕೇಳುತ್ತಾರೆ, ಅದು ಬರಲು ಸಮಯ ಹಿಡಿಯಬಹುದಾದ್ದರಿಂದ ಅರ್ಜಿಯನ್ನು ಇವತ್ತೇ ಹಾಕಿ.

ಖರ್ಚನ್ನು ಮಾಡಿಸುವ ಖರ್ಚೆಂದು ಮಾತ್ರ ಲೆಕ್ಕ ಹಾಕಬೇಡಿ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗೆ ತಕ್ಕಂತೆ ಆ್ಯಪ್ ಅನ್ನು ವರ್ಷವರ್ಷವೂ ಸಿದ್ಧಗೊಳಿಸಬೇಕೆಂದು ಗೂಗಲ್ ಗಡುವು ಇಡುತ್ತದೆ. 2025ರ ಆಗಸ್ಟ್ 31ರ ಗಡುವಿನಂತೆ ಹೊಸ ಆ್ಯಪ್‌ಗಳೂ ಹೊಸ ಆವೃತ್ತಿಗಳೂ ಆಂಡ್ರಾಯ್ಡ್ 15ನ್ನು ಗುರಿಯಾಗಿಸಬೇಕಿತ್ತು. ಕೈಬಿಟ್ಟ ಆ್ಯಪ್ ಕಾಲಕ್ರಮದಲ್ಲಿ ಹೊಸ ಫೋನು ಕೊಂಡವರಿಗೆ ಪ್ಲೇ ಸ್ಟೋರ್‌ನಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಮೂರು ವರ್ಷದ ನಿರ್ವಹಣೆಯ ಬೆಲೆಯನ್ನೂ ಮೊದಲೇ ಬರೆಸಿಕೊಳ್ಳಿ.

ಕಾನೂನು ಗೊತ್ತಿಲ್ಲ ಎಂಬ ಮಾತು ನಿಮ್ಮಷ್ಟು ದೊಡ್ಡ ಸಂಸ್ಥೆಗೆ ಒಪ್ಪುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯಲ್ಲಿ ಮಾಹಿತಿಯನ್ನು ಭದ್ರವಾಗಿಡಲು ಸೂಕ್ತ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸುವ ಅವಕಾಶವಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಬಯಸಿದವರಿಗೆ ಕನ್ನಡದಲ್ಲಿ ಕೊಡುವ ಹೊಣೆಯೂ ನಿಮ್ಮದೇ. ಆ್ಯಪ್ ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನು ಕೇಳಿದರೆ, ತೂಕದ ಚೀಟಿಗೆ ಅದು ಏಕೆ ಬೇಕು ಎಂದು ಮಾಡಿಕೊಡುವವರನ್ನು ಕೇಳಿ, ಉತ್ತರ ಇರುವುದಿಲ್ಲ.

ಕೊನೆಯದಾಗಿ, ಈ ಕೊಯ್ಲಿಗೇ ಬೇಕೆಂಬ ಹಟ. ನವೆಂಬರಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಆರಂಭವಾಗುವ ಹೊತ್ತಿಗೆ 30 ಕೇಂದ್ರಗಳಿಗೆ ಹೊಸ ಆ್ಯಪ್ ಹಂಚುವುದೆಂದರೆ ಮದುವೆಯ ದಿನ ಅಡಿಗೆ ಕಲಿಯಲು ಕುಳಿತಂತೆ. ಈ ಸಲ ಎರಡೇ ಕೇಂದ್ರ ಆರಿಸಿಕೊಳ್ಳಿ, ಅದರಲ್ಲೊಂದು ಸಿಗ್ನಲ್ ಇಲ್ಲದ್ದೇ ಇರಲಿ. ಕಾರ್ಬನ್ ಪುಸ್ತಕವನ್ನು ತೆಗೆಯಬೇಡಿ. ಕಾಗದ ಮತ್ತು ಫೋನು ಜೊತೆಯಾಗಿ ನಡೆಯಲಿ, ಪ್ರತಿ ಸಂಜೆ ಎರಡನ್ನೂ ತಾಳೆ ನೋಡಿ. ರೋಬಸ್ಟಾ ಮುಗಿಯುವ ಮಾರ್ಚ್ ಹೊತ್ತಿಗೆ ಎರಡೂ ಲೆಕ್ಕ ಒಂದೇ ಬಂದರೆ ಆಗ ಉಳಿದ ಕೇಂದ್ರಗಳ ಮಾತು. ಯಜಮಾನರಿಗೆ ಇದನ್ನು ಹೇಳಲು ಸಂಕೋಚವಾದರೆ ಈ ಉತ್ತರವನ್ನೇ ತೋರಿಸಿ.

ಪ್ರಶ್ನೆ: ಆ್ಯಪ್ ಬರೆಯುವ ಸಾಧನಗಳಲ್ಲಿ ಫ್ಲಟ್ಟರ್ ಒಳ್ಳೆಯದೋ, ರಿಯಾಕ್ಟ್ ನೇಟಿವ್ ಒಳ್ಳೆಯದೋ? (ಹಾಸನ)

ಉತ್ತರ: ನಿಮ್ಮಲ್ಲಿ ಕೆಲಸ ಮಾಡುವವರಿಗೆ ಯಾವುದು ಚೆನ್ನಾಗಿ ಬರುತ್ತದೋ ಅದು.

ಪ್ರಶ್ನೆ: ಒಂದು ತಿಂಗಳಲ್ಲಿ 1 ಲಕ್ಷ ಡೌನ್‌ಲೋಡ್ ಮತ್ತು ಐದು ನಕ್ಷತ್ರದ ವಿಮರ್ಶೆಗಳ ಗ್ಯಾರಂಟಿ ಕೊಡುತ್ತೇವೆ ಎಂದು ಒಬ್ಬರು ಬಂದಿದ್ದಾರೆ. ಕೊಡಬಹುದೇ? (ಅರಸೀಕೆರೆ)

ಉತ್ತರ: ಇವರು ಸಂತೆಯಲ್ಲಿ ಸರ್ವರೋಗಕ್ಕೂ ತೈಲ ಮಾರುವವರ ಪೈಕಿ. ದುಡ್ಡು ಕೊಟ್ಟು ತರಿಸಿದ ಡೌನ್‌ಲೋಡ್ ಮತ್ತು ವಿಮರ್ಶೆ ಪ್ಲೇ ಸ್ಟೋರ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಆ್ಯಪ್, ಅವರದಲ್ಲ.

ಪ್ರಶ್ನೆ: ಯುರೋಪಿಗೆ ಕಾಫಿ ಕಳುಹಿಸಲು ತೋಟದ ಗುರುತು ಬೇಕಂತೆ. ನಮ್ಮ ಆ್ಯಪ್‌ನಲ್ಲೇ ಅದನ್ನು ಸೇರಿಸಬೇಕೆ? (ಸಕಲೇಶಪುರ)

ಉತ್ತರ: ಮೊದಲು ಕಾಫಿ ಮಂಡಳಿಯಲ್ಲಿ ವಿಚಾರಿಸಿ, ಇರುವ ಕೆಲಸವನ್ನು ಎರಡು ಸಲ ಮಾಡಬೇಡಿ. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ 4 ಹೆಕ್ಟೇರ್ ಮೀರಿದ ಜಮೀನಿಗೆ ಗಡಿಯ ಸುತ್ತಿನ ಬಿಂದುಗಳನ್ನು ಕೇಳುತ್ತದೆ, ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ಬಿಂದುವಿನ ಅಕ್ಷಾಂಶ-ರೇಖಾಂಶಕ್ಕೆ ದಶಮಾಂಶದ ನಂತರ 6 ಅಂಕಿ ಬರೆದ ಮಾತ್ರಕ್ಕೆ ಅಳತೆ ನಿಖರವಾಯಿತೆಂದು ತಿಳಿಯಬೇಡಿ. ಆರನೆಯ ಅಂಕಿ ಗೇಣಿಗಿಂತ ಚಿಕ್ಕ ಅಂತರ ಹೇಳುತ್ತದೆ, ಸಿಲ್ವರ್ ಮರಗಳ ನೆರಳಿನಲ್ಲಿ ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ ಆಗುತ್ತದೆ.

ಪ್ರಶ್ನೆ: ಶುಕ್ರವಾರ ಸಂಜೆ ಒಳ್ಳೆಯ ಮುಹೂರ್ತವಿದೆ. ಅಂದು ಆ್ಯಪ್ ಬಿಡುಗಡೆ ಮಾಡಬಹುದೇ? (ಚನ್ನರಾಯಪಟ್ಟಣ)

ಉತ್ತರ: ಶುಕ್ರವಾರ ಸಂಜೆ ಪೂಜೆ ಮಾಡಿ, ಸಿಹಿ ಹಂಚಿ. ಶನಿವಾರ ಆ್ಯಪ್ ಕೆಟ್ಟರೆ ಮಾಡಿದವರು ಫೋನು ಎತ್ತುವುದಿಲ್ಲವಾದ್ದರಿಂದ ಬಿಡುಗಡೆಯನ್ನು ಮಂಗಳವಾರ ಬೆಳಿಗ್ಗೆ, ಮೊದಲಿಗೆ ನಿಮ್ಮ ಸಿಬ್ಬಂದಿಗೆ ಮಾತ್ರ ಮಾಡಿ. ಮಂಗಳವಾರ ಆಗದು ಎನ್ನುವುದಾದರೆ ಬುಧವಾರ.