ಆ ಲೋಹದ ತುಂಡೇ ಕೋವಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಯಿತು, ಎಚ್-1ಬಿ ವೀಸಾ, ಎಆರ್-15 ರೈಫಲ್ ಒಂದನ್ನು ಮನೆಯಲ್ಲೇ ಜೋಡಿಸಬೇಕು ಅಂತ ಆಸೆ. ಯಾವ ಲೋವರ್ ರಿಸೀವರ್ (ಟ್ರಿಗರ್, ಗುಂಡಿನ ಮ್ಯಾಗಜೀನ್ ಕೂರುವ ಕೆಳಗಿನ ಚೌಕಟ್ಟು) ತಗೊಂಡರೆ ಒಳ್ಳೆಯದು? ಆಫೀಸಿನ ಗೆಳೆಯ ತನ್ನ ಹೆಸರಲ್ಲಿ ತೆಗೆದುಕೊಡುತ್ತೇನೆ ಅನ್ನುತ್ತಿದ್ದಾನೆ, ಒಪ್ಪಬಹುದಾ? ಇಷ್ಟು ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಕೈಲ್‌ಪೊಳ್ದ್ ದಿನ ಮನೆಯಲ್ಲಿ ಒಂದು ತೋಕ್ ಇಲ್ಲ ಅಂದ್ರೆ ಏನೋ ಖಾಲಿ ಖಾಲಿ." ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ, ಮನೆಯಲ್ಲಿ ತೋಕ್, ಅಂದರೆ ಕೋವಿ, ಇಲ್ಲ. ಆ ಸಾಲು ಓದಿದ್ದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೆಳೆಯನ ವಿಷಯ ಮೊದಲು ಮುಗಿಸುತ್ತೇನೆ. ಬೇಡ. ಅಂಗಡಿಯಲ್ಲಿ ತುಂಬಿಸುವ 4473 ಫಾರ್ಮ್‌ನಲ್ಲಿ, ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಅಂತ ಕೇಳುತ್ತಾರೆ. ನಿಮಗಾಗಿ ತಗೊಂಡು ಅವನು ಹೌದು ಅಂತ ಬರೆದರೆ ಅದು ಸುಳ್ಳು, ಅಪರಾಧ. ಅವನ ಮನಸ್ಸು ಒಳ್ಳೆಯದೇ ಇರಬಹುದು. ಆದರೂ ಇಬ್ಬರೂ ಸಿಕ್ಕಿಬೀಳುತ್ತೀರಿ.

ಇನ್ನು ಲೋವರ್. ಫೋರ್ಜ್ ಮಾಡಿದ, ಅಂದರೆ ಅಚ್ಚಿನಲ್ಲಿ ಬಡಿದು ರೂಪ ಕೊಟ್ಟ, 7075-ಟಿ6 ಅಲ್ಯೂಮಿನಿಯಂ, ಮೇಲೆ ಟೈಪ್-3 ಹಾರ್ಡ್ ಅನೊಡೈಸಿಂಗ್ ಅನ್ನುವ ಗಟ್ಟಿ ಪದರ. ಇವು ಇದ್ದರೆ ಸಾಕು. 6061 ಅಲ್ಯೂಮಿನಿಯಂ ಅದಕ್ಕಿಂತ ಮೆದು. ಇಡೀ ಗಟ್ಟಿಯಿಂದ ಕೊರೆದು ತೆಗೆದ ಬಿಲೆಟ್ ನೋಡೋಕೆ ಚೆಂದ, ಬೆಲೆ ಜಾಸ್ತಿ, ಆದರೆ ಗಟ್ಟಿ ಅಂದುಕೊಂಡು ಅದಕ್ಕೆ ದುಡ್ಡು ಸುರಿಯಬೇಡಿ. ಪ್ಲಾಸ್ಟಿಕ್‌ನದು ನಾನು ತಗೊಳ್ಳಲ್ಲ, ಸ್ಟಾಕ್ ಜೋಡಿಸುವ ಹಿಂದಿನ ಬಳೆಯ ಹತ್ತಿರ ಬಿರುಕು ಬಿಟ್ಟಿದ್ದನ್ನು ನೋಡಿದ್ದೇನೆ. ಯಾವ ಬ್ರ್ಯಾಂಡ್ ಅಂತ ತುಂಬ ತಲೆ ಕೆಡಿಸಿಕೊಳ್ಳಬೇಡಿ. ಹಲವು ಕಂಪನಿಗಳ ಕಚ್ಚಾ ತುಂಡುಗಳು ಕೆಲವೇ ಫೋರ್ಜ್‌ಗಳಿಂದ ಬರುತ್ತವೆ. ವ್ಯತ್ಯಾಸ ಇರುವುದು ರಂಧ್ರ ಕೊರೆಯುವುದರಲ್ಲಿ, ತಪಾಸಣೆಯಲ್ಲಿ. ಕೈಗೆ ತಗೊಂಡಾಗ ಟ್ರಿಗರ್ ಪಿನ್ನನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಆ ರಂಧ್ರ 0.154 ಇಂಚು. ಪಿನ್ ಬಿಗಿಯಾಗಿ ಜಾರಬೇಕು, ಅಲ್ಲಾಡಬಾರದು. ಖಾಲಿ ಮ್ಯಾಗಜೀನ್ ಹಾಕಿ ಗುಂಡಿ ಒತ್ತಿದರೆ ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ನಳಿಗೆ ಇರುವ ಮೇಲಿನ ಅರ್ಧ, ಅಪ್ಪರ್, ಕೂರಿಸಿದಾಗ ಸ್ವಲ್ಪ ಗಡಗಡ ಅಂದರೆ ಹೆದರಬೇಡಿ, ಗುರಿಗೆ ಅದರಿಂದ ಏನೂ ಆಗಲ್ಲ.

ಒಂದು ಕಡೆ ಮಾತ್ರ ಜೋಪಾನ. ಟ್ರಿಗರ್ ಗಾರ್ಡ್ ಕೂರುವ ಎರಡು ಸಣ್ಣ ಕಿವಿಗಳು. 2013ರಲ್ಲಿ ನಾನು ಮೊದಲ ರೈಫಲ್ ಜೋಡಿಸುವಾಗ, ಅಡುಗೆಮನೆ ಮೇಜಿನ ಮೇಲೆ, ಕಿವಿಯ ಕೆಳಗೆ ಆಧಾರ ಕೊಡದೆ ರೋಲ್ ಪಿನ್ನಿಗೆ ಸುತ್ತಿಗೆಯಲ್ಲಿ ಬಡಿದೆ. ಟಿಕ್ ಅಂತ ಸದ್ದಾಯಿತು. ಕಿವಿ ಮುರಿದು ಬಿತ್ತು. ಮುರಿದ ಜಾಗ ಬೆಳ್ಳಗೆ, ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ಬೇರೆ ಭಾಗವಾಗಿದ್ದರೆ ಇನ್ನೊಂದು ತರಿಸಬಹುದಿತ್ತು. ಲೋವರ್ ಹಾಳಾದರೆ ಕೋವಿಯೇ ಹೋದಂತೆ. ಮತ್ತೆ ಅಂಗಡಿ, ಮತ್ತೆ ಫಾರ್ಮ್.

ಯಾಕೆ ಅಂದರೆ, ಇಲ್ಲಿನ 1968ರ ಕಾನೂನಿಗೆ ಕೋವಿಯ ಫ್ರೇಮ್ ಅಥವಾ ರಿಸೀವರೇ ಕೋವಿ. ಎಆರ್-15ರಲ್ಲಿ ಅದು ಲೋವರ್. ನಳಿಗೆ ಅಂಚೆಯಲ್ಲಿ ಮನೆಗೆ ಬರುತ್ತೆ, ಬೋಲ್ಟ್ ಬರುತ್ತೆ, ಸ್ಟಾಕ್ ಬರುತ್ತೆ. ಸೀರಿಯಲ್ ನಂಬರ್ ಇರುವ ಈ ಲೋವರ್ ಮಾತ್ರ ಲೈಸೆನ್ಸ್ ಇರುವ ಅಂಗಡಿಯಿಂದ, ಹಿನ್ನೆಲೆ ತಪಾಸಣೆ ಆದಮೇಲೆ, 21 ತುಂಬಿದವರ ಕೈಗೆ. ಒಳಗೆ ಏನೂ ಇಲ್ಲದ, ಗುಂಡು ಹಾರಿಸಲಾಗದ, ಅಂಗೈಯಲ್ಲಿ ಹಿಡಿಸುವ ತುಂಡು. ಆದರೂ ಅದೇ ಕೋವಿ. ನಂಬರ್ ಇಲ್ಲದ ಅರೆಬರೆ ಕಿಟ್‌ಗಳ ಕಡೆಗಂತೂ ತಿರುಗಿಯೂ ನೋಡಬೇಡಿ.

ಇದು ನನಗೆ ತಡವಾಗಿ ತಿಳಿಯಿತು.

ನಾನು 2005ರಲ್ಲಿ ಆಸ್ಟಿನ್‌ಗೆ ಬಂದೆ, ನಿಮ್ಮ ಹಾಗೇ ಎಚ್-1ಬಿಯಲ್ಲಿ. ಮರುವರ್ಷದ ಕ್ರಿಸ್‌ಮಸ್‌ಗೆ ಜೊತೆ ಕೆಲಸ ಮಾಡುವವನೊಬ್ಬ ಒಂದು ಬರಿಯ ಲೋವರ್ ಉಡುಗೊರೆ ಕೊಟ್ಟ. ನಮ್ಮ ಊರಿನ ಕಥೆ ಕೇಳಿ ಕೇಳಿ ಅವನಿಗೆ ಪ್ರೀತಿ ಬಂದಿತ್ತು. "ಇದು ಕೋವಿಯಲ್ಲ, ಸುಮ್ನೆ ಒಂದು ತುಂಡು, ನಿಧಾನಕ್ಕೆ ಜೋಡಿಸು" ಅಂದ. ನಾನೂ ನಂಬಿದೆ. ಪೇಪರ್ ಬಗ್ಗೆ ಯೋಚನೆಯೇ ಬರಲಿಲ್ಲ. ನಮಗೆ ಕೋವಿ ಮನೆಯ ಜೊತೆಗೇ ಬಂದದ್ದು ಅಲ್ವಾ? ಕೋವಿ ಪರವಾನಗಿಯಿಂದ 1861ರಿಂದ ನಮ್ಮ ಕೊಡವರಿಗೆ ವಿನಾಯಿತಿ ಇದೆ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಕೋವಿಗೆ ಪರವಾನಗಿ ಕೇಳುವುದು ಅಂದರೆ ಮನೆಯ ನಡುಕೋಣೆಯ ನೆಲ್ಲಕ್ಕಿ ದೀಪಕ್ಕೆ ಪರವಾನಗಿ ಕೇಳಿದ ಹಾಗೆ ಅಂದುಕೊಂಡೇ ಬೆಳೆದವನು ನಾನು. 2007ರ ಕೈಲ್‌ಪೊಳ್ದ್‌ಗೆ ಆ ತುಂಡನ್ನು ಮಣೆಯ ಮೇಲಿಟ್ಟು, ಹಬ್ಬಕ್ಕೆ ಕೋವಿಗೆ ಇಡುವ ತೋಕ್ ಪೂ (ಕೋವಿ ಹೂ) ಸಿಗದೆ ಅಂಗಡಿಯ ಯಾವುದೋ ಹೂವಿಟ್ಟು ಕೈಮುಗಿದೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ತುಂಬ ಸಂತೋಷಪಟ್ಟರು.

ಅಕ್ಟೋಬರ್‌ನಲ್ಲಿ ಒಂದು ಸ್ಪ್ರಿಂಗ್ ಕೊಳ್ಳಲು ಅದನ್ನು ಹಿಡಿದು ಒಂದು ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹಿರಿಯರು ಮಾತಿಗೆ ಎಳೆದು ಯಾವ ಊರು, ಯಾವ ವೀಸಾ ಅಂತ ಕೇಳಿದರು. ಹೇಳಿದೆ. ಅವರ ಕೈ ಲೋವರಿನ ಮೇಲೇ ನಿಂತಿತು. "ಬೇಟೆಯ ಲೈಸೆನ್ಸ್ ಇದೆಯಾ?" ಇಲ್ಲ ಅಂದೆ. ದನಿ ತಗ್ಗಿಸಿ ಹೇಳಿದರು: ನಿನ್ನಂಥ ವೀಸಾದವರು ಇದನ್ನು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ, ಕೊಟ್ಟವನ ಹತ್ತಿರ ಇವತ್ತೇ ತಲುಪಿಸು. ಆ ಸಂಜೆಯೇ ತಲುಪಿಸಿದೆ. ಕಾರಿನಲ್ಲಿ ಕೈ ನಡುಗುತ್ತಿತ್ತು.

ಆ ತಪ್ಪನ್ನು ನಾನು ತಿಳಿಯದೆ ಮಾಡಿದೆ. ಮುಂದಿನದ್ದು ಹಾಗಲ್ಲ.

ನವೆಂಬರ್‌ನಲ್ಲಿ ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಊರಿಗೆ ಹೋಗಲು ಟಿಕೆಟ್ ಆಗಿತ್ತು. ವಾಪಸ್ ಬರಲು ವೀಸಾ ಸ್ಟಾಂಪಿಂಗ್ ಆಗಬೇಕಿತ್ತು. ಅಲ್ಲಿ ಏನಾದರೂ ಕೇಳಿದರೆ? ಯಾರಾದರೂ ಹೇಳಿಬಿಟ್ಟಿದ್ದರೆ? ರಾತ್ರಿಯೆಲ್ಲ ಇದೇ ಯೋಚನೆ. ಒಬ್ಬ ಲಾಯರ್ ಹತ್ತಿರ ಹೋಗಿ ಒಂದು ಗಂಟೆ ಕೂತಿದ್ದರೆ ಎಲ್ಲಿ ನಿಂತಿದ್ದೇನೆ ಅಂತಾದರೂ ಗೊತ್ತಾಗುತ್ತಿತ್ತು. ಹೋಗಲಿಲ್ಲ, ಬಾಯಿ ಬಿಡಲು ಹೆದರಿಕೆ. ಟಿಕೆಟ್ ರದ್ದು ಮಾಡಿದೆ. ಅಪ್ಪನಿಗೆ "ಪ್ರಾಜೆಕ್ಟ್ ಇದೆ, ರಜೆ ಸಿಗಲಿಲ್ಲ" ಅಂತ ಸುಳ್ಳು ಹೇಳಿದೆ. "ಕದಿರು ತೆಗೆಯುವಾಗ ಈ ಸಲ ಗುಂಡು ನಿನ್ನ ಕೈಯಲ್ಲೇ ಹೊಡೆಸೋಣ ಅಂತಿದ್ದೆ, ಕೋವಿಗೆ ಎಣ್ಣೆ ಹಾಕಿ ಇಟ್ಟಿದ್ದೀನಿ" ಅಂದರು. "ಬರುವ ವರ್ಷ" ಅಂದೆ.

2008ರ ಫೆಬ್ರವರಿಯಲ್ಲಿ ಅಪ್ಪ ಹೋದರು. ನನ್ನ ತಮ್ಮ ಮನೆಯ ಅಂಗಳದಿಂದ ಫೋನ್ ಮಾಡಿದ್ದ. ಅವನು ಮಾತಾಡುವ ಮೊದಲೇ ಒಂದರ ಹಿಂದೆ ಒಂದು ಎರಡು ಗುಂಡಿನ ಸದ್ದು ಕೇಳಿಸಿತು. ನಮ್ಮಲ್ಲಿ ಎರಡು ಗುಂಡು ಅಂದರೆ ಸಾವಿನ ಸುದ್ದಿ. ಒಂದೇ ಆಗಿರಲಿ, ಯಾರ ಮನೆಯಲ್ಲೋ ಗಂಡು ಮಗು ಹುಟ್ಟಿರಲಿ ಅಂತ ಆ ಕ್ಷಣದಲ್ಲಿ ಮನಸ್ಸು ಬೇಡಿಕೊಂಡಿದ್ದು ನೆನಪಿದೆ. ಆ ಎಣ್ಣೆ ಹಾಕಿದ ಕೋವಿಯದೇ ಸದ್ದು ಅದು.

ಆಮೇಲೆ ಲಾಯರ್‌ಗೆ ಎಲ್ಲ ಹೇಳಿದೆ. 2012ರಲ್ಲಿ ಗ್ರೀನ್ ಕಾರ್ಡ್ ಬಂತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ವೀಸಾ ತೊಡಕು ಇಲ್ಲ, ಹಾಗಾಗಿ ಮುಂದಿನ ವರ್ಷ ನನ್ನ ಹೆಸರಲ್ಲೇ ಲೋವರ್ ತಗೊಂಡೆ.

ನಿಮಗೆ ದಾರಿ ಇಲ್ಲ ಅಂತಲ್ಲ. ಅಮೆರಿಕದ ಯಾವುದಾದರೂ ರಾಜ್ಯದ ಬೇಟೆಯ ಲೈಸೆನ್ಸ್ ನಿಮ್ಮ ಹೆಸರಲ್ಲಿ ಚಾಲ್ತಿಯಲ್ಲಿದ್ದರೆ ಎಚ್-1ಬಿಯವರಿಗೂ ವಿನಾಯಿತಿ ಇದೆ. ಟೆಕ್ಸಾಸ್‌ನಲ್ಲಿ ಆರು ತಿಂಗಳು ವಾಸವಾಗಿದ್ದರೆ ನಿವಾಸಿಗಳ ಲೈಸೆನ್ಸ್ ಸಿಗುತ್ತೆ, ನಿಮಗೆ ಆಗಿದೆ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಆನ್‌ಲೈನ್‌ನಲ್ಲೇ ಆಗುತ್ತೆ. ಆಮೇಲೆ ಅಂಗಡಿಗೆ ನೀವೇ ಹೋಗಿ, ನಿಮ್ಮ ವೀಸಾ ನೀವೇ ಹೇಳಿ, ಲೈಸೆನ್ಸ್ ತೋರಿಸಿ. ಅದಕ್ಕೂ ಮೊದಲು ನಿಮ್ಮ ವೀಸಾ ನೋಡಿಕೊಳ್ಳುವ ಲಾಯರ್‌ಗೆ ಒಂದು ಮಾತು ಕೇಳಿ. ನಾಚಿಕೆ ಬೇಡ.

ಇದನ್ನು ಮಾತ್ರ ಬರೆದಿಟ್ಟುಕೊಳ್ಳಿ: ಆ ಲೈಸೆನ್ಸ್ ಪ್ರತಿ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತೆ. ಸೆಪ್ಟೆಂಬರ್ ಮೊದಲ ವಾರವೇ ಕೈಲ್‌ಪೊಳ್ದ್. ಹೊಸದು ತಗೊಳ್ಳಲು ಮರೆತರೆ, ನೀವು ಹೂವಿಟ್ಟು ಕೈಮುಗಿಯುವ ಹೊತ್ತಿಗೆ ಅದೇ ಕೋವಿ ಅಪರಾಧ. 2022ರಿಂದ ಶಿಕ್ಷೆ 15 ವರ್ಷದವರೆಗೂ ಇದೆ, ಗಡೀಪಾರು ಬೇರೆ. ಆಗಸ್ಟ್ 15ಕ್ಕೇ ಹೊಸ ವರ್ಷದ ಲೈಸೆನ್ಸ್ ಮಾರಾಟ ಶುರುವಾಗುತ್ತೆ. ಸ್ವಾತಂತ್ರ್ಯ ದಿನ, ನೆನಪಿಡುವುದು ಸುಲಭ. ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಕೆಲಸ ಬದಲಾದರೆ ಕೋವಿ ಕಾರಿಗೆ ಹಾಕುವ ಮೊದಲು ಅಲ್ಲಿನ ಕಾನೂನು ಓದಿ, ಲೆಕ್ಕ ಪೂರ್ತಿ ಬೇರೆ.

ಈ ವರ್ಷ ಅವಸರ ಮಾಡಬೇಡಿ. ಊರಿನಲ್ಲಿ ಅಪ್ಪ ಅಮ್ಮ ಇದ್ದರೆ ಪುತ್ತರಿಗೆ ಹೋಗಿ ಬನ್ನಿ, ಆ ರಜೆ ಕೇಳಲು ಹಿಂಜರಿಯಬೇಡಿ. ಕೈಲ್‌ಪೊಳ್ದ್‌ಗೆ ನಮ್ಮ ಮನೆಗೆ ಬನ್ನಿ. ಡಲ್ಲಾಸಿನಿಂದ ಮೂರು ಗಂಟೆಯ ದಾರಿ. ಕಡಂಬುಟ್ಟು, ಪಂದಿಕರಿ ಇರುತ್ತೆ. ಇಲ್ಲಿನ ನರ್ಸರಿಯಲ್ಲಿ ಗ್ಲೋರಿಯೋಸಾ ಅಂತ ಮಾರುವ ಗಡ್ಡೆ ನಮ್ಮ ತೋಕ್ ಪೂವಿನದೇ. ಕುಂಡದಲ್ಲಿ ನೆಟ್ಟಿದ್ದೇನೆ, ಕಳೆದ ವರ್ಷ ಎರಡು ಹೂ ಬಿಟ್ಟಿತ್ತು. ಈ ಸಲ ಬಳ್ಳಿ ಬೇಲಿ ದಾಟಿದೆ.