ಹಂಚಿನ ಮಾಡು ಸೋರಿದರೆ ಹಂಚೆಲ್ಲ ತೆಗೆಸಿ ಶೀಟು ಹಾಕಿಸಬೇಕಾ?

ತೀರ್ಥಹಳ್ಳಿ ಕಡೆಯ 40 ವರ್ಷದ ಮಂಗಳೂರು ಹಂಚಿನ ಮನೆ ಮೂರ್ನಾಲ್ಕು ಕಡೆ ಸೋರುತ್ತಿದೆ, ಹಂಚು ಇಳಿಸಿ ತಗಡಿನ ಶೀಟು ಹಾಕಿಸಿ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಹಳೆ ಮನೆ ಸೋರುವುದರಲ್ಲಿ ಹಂಚಿನ ತಪ್ಪು ಕಡಿಮೆ, ಅದನ್ನು ಹೊತ್ತ ರೀಪು (ಹಂಚು ಕೂರುವ ಅಡ್ಡ ಪಟ್ಟಿ), ಪಕಾಸಿನ (ರೀಪನ್ನು ಹೊರುವ ಇಳಿಜಾರು ಮರ) ತಪ್ಪೇ ಹೆಚ್ಚು.

ಮಳೆ ಹೊಯ್ಯುವಾಗಲೇ ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿ. ನೀರು ಒಳಬರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ನಡುವೆ ಪಕಾಸಿನ ಮೈಮೇಲೆ ನಾಲ್ಕೈದು ಅಡಿ ಹರಿದಿರುತ್ತದೆ. ಮರದ ಮೇಲಿನ ಕಪ್ಪು ಗೆರೆ ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ. ಅಲ್ಲೊಂದು ಸಣ್ಣ ಮೊಳೆ ಹೊಡೆದು ಗುರುತಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮಳೆ ಬಿಟ್ಟ ಮೇಲೆ ಪಕಾಸಿನ ಉದ್ದಕ್ಕೂ, ಸೂರಿನಿಂದ (ಮಾಡಿನ ಕೆಳ ಅಂಚು) ನೆತ್ತಿಯವರೆಗೆ (ಎರಡು ಮಾಡು ಕೂಡುವ ತುದಿ), ದಾರ ಬಿಗಿದು ನೋಡಿ. ನಡುವೆ ಒಂದು ಇಂಚಿಗಿಂತ ಹೆಚ್ಚು ಬಾಗಿದ್ದರೆ ಅಲ್ಲಿ ಹಂಚಿನ ಕೊಂಡಿ (ಒಂದು ಹಂಚು ಇನ್ನೊಂದನ್ನು ಕಚ್ಚಿಕೊಳ್ಳುವ ಅಂಚು) ಸರಿಯಾಗಿ ಕೂರುವುದಿಲ್ಲ, ಗಾಳಿ ಮಳೆಗೆ ಎರಚಲು ಒಳಗೆ ಬರುತ್ತದೆ. ಗೋಡೆಯೊಳಗೆ ಕೂತ ಮರದ ತುದಿಗಳನ್ನು ಸ್ಕ್ರೂ ಡ್ರೈವರಿನಿಂದ ಚುಚ್ಚಿ. ಗೆದ್ದಲು ಶುರುವಾಗುವುದು ಹೆಚ್ಚಾಗಿ ಅಲ್ಲೇ.

ಇಳಿಜಾರನ್ನೂ ಅಳೆಯಿರಿ. ಅಡ್ಡಕ್ಕೆ ಒಂದಡಿಗೆ 7 ಇಂಚು ಏರು, ಅಂದರೆ ಸುಮಾರು 30 ಡಿಗ್ರಿ ಇರಲೇಬೇಕು. ಮಲೆನಾಡಿನ ಮಳೆಗೆ ಇನ್ನೂ ಸ್ವಲ್ಪ ಕಡಿದಾಗಿದ್ದರೆ ಒಳ್ಳೆಯದು. ಆಮೇಲೆ ಸೇರಿಸಿದ ಜಗಲಿ, ಕೊಟ್ಟಿಗೆ ಕಡೆಯ ಮಾಡು ಇದಕ್ಕಿಂತ ಚಪ್ಪಟೆ ಇದ್ದರೆ, ಆ ಭಾಗಕ್ಕೆ ಮಾತ್ರ ನಿಮ್ಮ ಮೇಸ್ತ್ರಿ ಹೇಳಿದ ಶೀಟು ಸರಿ.

ರೀಪು ಹೊಸದಾಗಿ ಹೊಡೆಸುವಾಗ 12 ಇಂಚು, 12½ ಇಂಚು ಅಂತ ಬಾಯಿಲೆಕ್ಕ ನಂಬಬೇಡಿ. ನಿಮ್ಮವೇ 6 ಹಂಚನ್ನು ಅಂಗಳದಲ್ಲಿ ಒಂದರ ಮೇಲೊಂದು ಕೊಂಡಿ ಹಾಕಿ ಸಾಲಾಗಿ ಜೋಡಿಸಿ. ಪೂರ್ತಿ ಎಳೆದು ಮೊದಲ ಹಂಚಿನ ಮೂತಿಯಿಂದ (ಕೆಳತುದಿಯಿಂದ) ಆರನೆಯದರ ಮೂತಿಗೆ ಅಳೆಯಿರಿ, ಪೂರ್ತಿ ಒತ್ತಿ ಇನ್ನೊಮ್ಮೆ ಅಳೆಯಿರಿ. ಎರಡರ ಸರಾಸರಿಯನ್ನು 5ರಿಂದ ಭಾಗಿಸಿದರೆ ಬರುವುದೇ ನಿಮ್ಮ ರೀಪಿನ ಅಂತರ. ಅರ್ಧ ಇಂಚು ಹೆಚ್ಚಾದರೂ ಕೊಂಡಿ ಕಚ್ಚಿಕೊಳ್ಳುವುದಿಲ್ಲ. ಪಕಾಸುಗಳ ನಡುವೆ 2 ಅಡಿ ಮೀರದಿದ್ದರೆ 2x1 ಇಂಚಿನ ರೀಪು ಸಾಕು. ಸೂರಿನ ಕೊನೆಯ ರೀಪು ಮಾತ್ರ ಉಳಿದವಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು. ಅಲ್ಲಿನ ಹಂಚಿಗೆ ಅಡಿಯಲ್ಲಿ ಇನ್ನೊಂದು ಹಂಚಿಲ್ಲದ ಕಾರಣ, ಎತ್ತರ ಕೊಡದಿದ್ದರೆ ಮೂತಿ ಕೆಳಗೆ ಬಾಗಿ ಮೇಲಿನ ಸಾಲು ಬಾಯಿಬಿಡುತ್ತದೆ.

ಹಂಚಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ನೇರ ರೀಪು ಹೊಡೆಯುವ ರೂಢಿ ಈಗ ಬಂದಿದೆ. ಇದು ಮರಕ್ಕೆ ಶತ್ರು. ಒಳಬಂದ ನೀರು ಪ್ರತಿ ರೀಪಿನ ಹಿಂದೆ ನಿಂತು ಕೊಳೆಸುತ್ತದೆ. ಹಾಳೆ ಬೇಕೇ ಬೇಕೆಂದರೆ ಅದರ ಮೇಲೆ, ಪಕಾಸಿನ ಉದ್ದಕ್ಕೆ, ಅರ್ಧ ಇಂಚಿನ ಪಟ್ಟಿ ಹೊಡೆದು ಆಮೇಲೆ ಅಡ್ಡ ರೀಪು ಕೂರಿಸಿ. ನೀರು ಅಡಿಯಿಂದ ಹರಿದು ಸೂರಿಗೆ ಹೋಗುತ್ತದೆ.

ನೆತ್ತಿಯ ಹಂಚಿಗೆ ಬರೀ ಸಿಮೆಂಟಿನ ಗಟ್ಟಿ ಗಾರೆ ಬೇಡ, ಬಿರುಕು ಬಿಡುತ್ತದೆ. ಸಿಮೆಂಟು 1, ಸುಣ್ಣ 1, ಮರಳು 6 ಕಲಸಿ. ಹಂಚನ್ನು ಮೊದಲು ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ. ಗಾರೆ ಎರಡು ಅಂಚಿಗೆ ಮಾತ್ರ. ಒಳಗೆ ತುಂಬಿಸಿದರೆ ಅದೇ ನೀರನ್ನು ಹೀರಿ ಒಳಗೆ ಎಳೆಯುತ್ತದೆ. 7 ದಿನ ಒದ್ದೆ ಗೋಣಿ ಮುಚ್ಚಿರಿ.

ಎಷ್ಟು ಹಂಚು ಬೇಕು ಅಂದರೆ, ಮಾಡಿನ 100 ಚದರಡಿಗೆ ಒಡಕು ಸೇರಿ 150. ಇಳಿಸಿದ ಹಳೆಯದನ್ನು ಒಂದೊಂದೇ ಬೆರಳ ಗೆಣ್ಣಿನಿಂದ ಬಡಿಯಿರಿ. ಠಣ್ ಅಂದರೆ ತೊಳೆದು ಮತ್ತೆ ಹೊದಿಸಬಹುದು, ಬೊದ್ದು ಸದ್ದು ಬಂದರೆ ಬಿರುಕಿದೆ, ಬಿಡಿ. ಕೊರತೆ ಬಿದ್ದದ್ದಕ್ಕೆ ಅಂಗಡಿಗೆ ಓಡುವ ಮುಂಚೆ ಹಂಚನ್ನು ಮಗುಚಿ ಕಾರ್ಖಾನೆಯ ಅಚ್ಚು ಓದಿ. ಒಬ್ಬರ ಹಂಚಿನ ಕೊಂಡಿಗೆ ಇನ್ನೊಬ್ಬರದು ಕೂರುವುದಿಲ್ಲ. ಹಳೆ ಮನೆ ಕೆಡವುವ ಕಡೆ ಅದೇ ಅಚ್ಚಿನದು ಹುಡುಕಿ. ಸಿಗದಿದ್ದರೆ ಬೇರೆ ಹಂಚನ್ನು ನಡುನಡುವೆ ಸೇರಿಸದೆ, ಹಿಂಬದಿಯ ಒಂದು ಮಾಡಿಗೆ ಪೂರ್ತಿ ಹೊಸದು ಹೊದಿಸಿ, ಅಲ್ಲಿಂದ ಇಳಿದ ಹಳೆಯದನ್ನು ಮುಂಬದಿಗೆ ಬಳಸಿ.